ಆಸ್ಪತ್ರೆಯಿಂದ ಊರಿನ ಆರೋಗ್ಯ ಕೇಂದ್ರಕ್ಕೆ ಕಳಿಸಿದ ಕ್ಷಯರೋಗಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಅನೇಕರಿಗೆ ಕ್ಷಯರೋಗ ಇರುವುದು ಗೊತ್ತಾಗುವುದು ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಯಲ್ಲಿ. ಆದರೆ ಆರು ತಿಂಗಳ ಚಿಕಿತ್ಸೆ ನಡೆಯುವುದು ಊರಿನಲ್ಲಿ. ಆಸ್ಪತ್ರೆ ಬಿಟ್ಟ ದಿನಕ್ಕೂ ಊರಿನ ಕೇಂದ್ರದಲ್ಲಿ ಹೆಸರು ಸೇರಿದ ದಿನಕ್ಕೂ ನಡುವೆ ಇರುವ ಅಲ್ಪ ಅವಧಿಯಲ್ಲಿ ರೋಗಿ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಮನೆಮನೆಗೆ ಹೋಗಿ ಇಂಥ ರೋಗಿಗಳನ್ನು ಹುಡುಕಿದ ವರ್ಷಗಳಲ್ಲಿ ರೋಗಿಗಳು, ಅವರ ಮನೆಯವರು, ಆಶಾ ಕಾರ್ಯಕರ್ತೆಯರು ಮತ್ತು ಆಸ್ಪತ್ರೆಯ ಶುಶ್ರೂಷಕಿಯರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ರೋಗ ಪತ್ತೆ ಮಾಡಿದ ಆಸ್ಪತ್ರೆಯೇ ಪೂರ್ತಿ ಚಿಕಿತ್ಸೆ ಕೊಡದೆ ಊರಿಗೆ ಏಕೆ ಕಳಿಸುತ್ತದೆ?

ಕ್ಷಯಕ್ಕೆ ಬೇಕಾಗಿರುವುದು ಹಾಸಿಗೆಯಲ್ಲ, ದಿನವೂ ತಪ್ಪದೆ ನುಂಗುವ ಮಾತ್ರೆ. 1950ರ ದಶಕದ ಕೊನೆಯಲ್ಲಿ ಮದ್ರಾಸಿನಲ್ಲಿ ನಡೆದ ಅಧ್ಯಯನದಲ್ಲಿ, ಮನೆಯಲ್ಲಿದ್ದುಕೊಂಡೇ ಔಷಧಿ ತೆಗೆದುಕೊಂಡ ಬಡ ರೋಗಿಗಳು ಸ್ಯಾನಿಟೋರಿಯಂನಲ್ಲಿ ಮಲಗಿದ್ದವರಷ್ಟೇ ಚೆನ್ನಾಗಿ ಗುಣವಾದರು. ಮನೆಯಲ್ಲಿ ಚಿಕಿತ್ಸೆ ನಡೆದ ಕಾರಣಕ್ಕೆ ಮನೆಯವರಿಗೆ ಹೆಚ್ಚಿನ ಅಪಾಯವಾಗಲಿಲ್ಲ ಎಂಬುದೂ ಆಗಲೇ ತಿಳಿದುಬಂತು. ಇಂದಿನ ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮ ಇದೇ ತಿಳಿವಳಿಕೆಯ ಮೇಲೆ ನಿಂತಿದೆ. ಹುಣಸಗಿಯ ಕೂಲಿ ಕಾರ್ಮಿಕರೊಬ್ಬರು ತಿಂಗಳಿಗೊಮ್ಮೆ ಮಾತ್ರೆಗಾಗಿ ಕಲಬುರಗಿಗೆ ಬಸ್ಸಿನಲ್ಲಿ ಹೋಗಿಬರಬೇಕಾದರೆ ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ಕೈಬಿಡುತ್ತವೆ. ಅದೇ ಮಾತ್ರೆ ಊರಿನ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. ಆದ್ದರಿಂದ ಕಳಿಸುವುದು ಸರಿಯಾದ ಕ್ರಮವೇ. ಕಳಿಸಿದ ಮೇಲೆ ಕೈತೊಳೆದುಕೊಳ್ಳುವುದು ಮಾತ್ರ ತಪ್ಪು.

ಆಸ್ಪತ್ರೆ ಬಿಡುವ ದಿನ ಏನೇನು ಕೇಳಿ ಪಡೆಯಬೇಕು?

ಮೊದಲನೆಯದು ನಿಕ್ಷಯ್ ಸಂಖ್ಯೆ. ನಿಕ್ಷಯ್ ಎಂಬುದು ದೇಶದ ಎಲ್ಲ ಕ್ಷಯರೋಗಿಗಳ ವಿವರ ದಾಖಲಾಗುವ ಸರ್ಕಾರಿ ವ್ಯವಸ್ಥೆ. ರೋಗಿಗೆ ಅಲ್ಲಿ ಸಿಗುವ ಸಂಖ್ಯೆ ಯಾವ ರಾಜ್ಯಕ್ಕೆ ಹೋದರೂ ನಡೆಯುತ್ತದೆ. ಎರಡನೆಯದು ಕಫ ಪರೀಕ್ಷೆ ಅಥವಾ ಇತರ ಪರೀಕ್ಷೆಗಳ ಫಲಿತಾಂಶದ ಪ್ರತಿ, ಮುಖ್ಯವಾಗಿ ರೋಗಾಣುವನ್ನು ಪತ್ತೆಹಚ್ಚುವ ಸಿಬಿನಾಟ್ ಇಲ್ಲವೇ ಟ್ರೂನಾಟ್ ಯಂತ್ರದ ವರದಿ. ಮೂರನೆಯದು ಬಿಡುಗಡೆ ಚೀಟಿ. ಅದರಲ್ಲಿ ಚಿಕಿತ್ಸೆ ಶುರುವಾದ ದಿನಾಂಕ, ರೋಗಿಯ ತೂಕ, ದಿನಕ್ಕೆ ಎಷ್ಟು ಮಾತ್ರೆ ಎಂಬುದು ಸ್ಪಷ್ಟವಾಗಿರಬೇಕು. ಇವೆಲ್ಲಕ್ಕಿಂತ ಹೆಚ್ಚಾಗಿ, ಊರಿನ ಕೇಂದ್ರ ತಲುಪುವವರೆಗೆ ಸಾಕಾಗುವಷ್ಟು ಮಾತ್ರೆ ಕೈಯಲ್ಲಿರಬೇಕು. ಬರಿಗೈಯಲ್ಲಿ ಕಳಿಸಿದರೆ ದಯವಿಟ್ಟು ಸಂಕೋಚಪಡದೆ ಕೇಳಿ. ನಡುವೆ ಭಾನುವಾರವೋ ಹಬ್ಬವೋ ಬಂದರೆ ನಾಲ್ಕೈದು ದಿನ ಮಾತ್ರೆಯಿಲ್ಲದೆ ಕಳೆದುಹೋಗುತ್ತದೆ.

ಚೀಟಿ ಬರೆದುಕೊಟ್ಟ ಮೇಲೆ ಆಸ್ಪತ್ರೆಯ ಜವಾಬ್ದಾರಿ ಮುಗಿಯಿತಲ್ಲವೇ?

ಮುಗಿಯುವುದಿಲ್ಲ. ಈ ಪುಟ ಬರೆಯಲು ಮುಖ್ಯ ಕಾರಣವೇ ಈ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ಯಾದಗಿರಿ ಜಿಲ್ಲೆಯ ಒಬ್ಬ ತಾಯಿಯನ್ನು ಆಸ್ಪತ್ರೆಯೊಂದರಿಂದ ಶನಿವಾರ ಮಧ್ಯಾಹ್ನ ಚೀಟಿ ಕೊಟ್ಟು ಕಳಿಸಲಾಗಿತ್ತು. ಅವರಿಗೆ ಓದು ಬಾರದು. ಮಗ ಬೆಂಗಳೂರಿನ ಕಟ್ಟಡ ಕೆಲಸದಲ್ಲಿದ್ದ. ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿ ಇಟ್ಟು, ಮಗ ಬಂದ ಮೇಲೆ ತೋರಿಸೋಣವೆಂದು ಕಾದಿದ್ದರು. ಆಸ್ಪತ್ರೆಯ ಪುಸ್ತಕದಲ್ಲಿ ಅವರು ‘ಕಳಿಸಲಾಗಿದೆ’ ಎಂದು ದಾಖಲಾಗಿದ್ದರು. ಊರಿನ ಕೇಂದ್ರದ ಪುಸ್ತಕದಲ್ಲಿ ಅವರ ಹೆಸರೇ ಇರಲಿಲ್ಲ. ನಾನು ಅವರ ಮನೆ ತಲುಪುವ ಹೊತ್ತಿಗೆ ಮೂರು ವಾರ ಕಳೆದಿತ್ತು, ತೂಕ ಇನ್ನಷ್ಟು ಇಳಿದಿತ್ತು, ಆ ಮೂರು ವಾರವೂ ಮೊಮ್ಮಗು ಅವರ ಮಗ್ಗುಲಲ್ಲೇ ಮಲಗಿತ್ತು. ಯಾರೂ ಬೇಕೆಂದು ತಪ್ಪು ಮಾಡಿರಲಿಲ್ಲ. ಆದರೂ ‘ಕಳಿಸಲಾಗಿದೆ’ ಎಂಬ ಮಾತನ್ನು ಅಂದಿನಿಂದ ನಾನು ಪೂರ್ಣ ದಾಖಲೆಯೆಂದು ಒಪ್ಪುವುದಿಲ್ಲ.

ರೋಗಿಯನ್ನು ಕಳಿಸುವ ಆಸ್ಪತ್ರೆ ನಿಕ್ಷಯ್‌ನಲ್ಲಿ ವರ್ಗಾವಣೆ ಮಾಡುವುದರ ಜೊತೆಗೆ ಅದೇ ದಿನ ಆ ತಾಲ್ಲೂಕಿನ ಟಿಬಿ ಘಟಕದ ಹಿರಿಯ ಚಿಕಿತ್ಸಾ ಮೇಲ್ವಿಚಾರಕರಿಗೆ, ಅಂದರೆ ಎಲ್ಲರೂ ಎಸ್‌ಟಿಎಸ್ ಎಂದು ಕರೆಯುವವರಿಗೆ, ಫೋನ್ ಮಾಡಿ ಹೇಳಬೇಕು. ಊರಿನ ಕೇಂದ್ರ ಆ ವರ್ಗಾವಣೆಯನ್ನು ಸ್ವೀಕರಿಸಿ, ರೋಗಿ ತಮ್ಮ ಬಳಿ ಬಂದು ಮಾತ್ರೆ ಪಡೆದಿದ್ದಾರೆ ಎಂದು ಮರಳಿ ತಿಳಿಸಬೇಕು. ಆ ಮರುಮಾತು ಬರುವವರೆಗೆ ರೋಗಿ ಕಳಿಸಿದ ಆಸ್ಪತ್ರೆಯ ರೋಗಿಯೇ. ಒಂದು ವಾರ ಕಳೆದರೂ ಮಾತು ಬರದಿದ್ದರೆ ಕಾಯಬಾರದು, ಹುಡುಕಬೇಕು.

ವಿಳಾಸ ಬರೆದುಕೊಂಡರೂ ರೋಗಿ ಸಿಗುವುದಿಲ್ಲ. ಏನು ಮಾಡಬೇಕು?

ನಮ್ಮ ಭಾಗದ ಹಳ್ಳಿಗಳಲ್ಲಿ ಬಾಗಿಲ ಮೇಲಿನ ಸಂಖ್ಯೆ ನೋಡಿ ಮನೆ ಹುಡುಕಲಾಗದು. ಇನ್ನೊಂದು ತೊಡಕು ಹೊರಗಿನವರಿಗೆ ಗೊತ್ತಾಗುವುದೇ ಇಲ್ಲ: ಇಲ್ಲಿ ಒಂದೇ ಹೆಸರಿನ ಎರಡು ಊರುಗಳಿರುತ್ತವೆ, ಒಂದರ ಮುಂದೆ ‘ಬಿ’, ಇನ್ನೊಂದರ ಮುಂದೆ ‘ಕೆ’. ‘ಬಿ’ ಎಂದರೆ ಬುದ್ರುಕ್, ಅಂದರೆ ದೊಡ್ಡದು; ‘ಕೆ’ ಎಂದರೆ ಖುರ್ದ್, ಅಂದರೆ ಚಿಕ್ಕದು. ಆ ಒಂದು ಅಕ್ಷರ ಬಿಟ್ಟುಹೋದರೆ ಚೀಟಿ ಬೇರೊಂದು ಆರೋಗ್ಯ ಕೇಂದ್ರಕ್ಕೆ ಹೋಗಿ ಕೂರುತ್ತದೆ. ಆದ್ದರಿಂದ ಊರಿನ ಪೂರ್ತಿ ಹೆಸರು, ತಾಲ್ಲೂಕು, ಹತ್ತಿರದ ಉಪಕೇಂದ್ರ, ಓಣಿ ಅಥವಾ ತಾಂಡಾದ ಹೆಸರು, ಗುಡಿಯೋ ದರ್ಗಾವೋ ಶಾಲೆಯೋ ಯಾವುದಾದರೊಂದು ಗುರುತು ಬರೆಯಬೇಕು. ರೋಗಿಯ ದಾಖಲೆಯ ಹೆಸರು ಒಂದಾಗಿ ಊರಲ್ಲಿ ಕರೆಯುವ ಹೆಸರು ಇನ್ನೊಂದಾಗಿದ್ದರೆ ಎರಡನ್ನೂ ಬರೆಯಬೇಕು. ಗಂಡನ ಅಥವಾ ತಂದೆಯ ಹೆಸರಿಲ್ಲದೆ ಬರೀ ಮಲ್ಲಮ್ಮ, ಮಹೆಬೂಬ್, ಬಸವರಾಜ ಎಂದು ಬರೆದರೆ ಆಶಾ ಕಾರ್ಯಕರ್ತೆ ಯಾರ ಮನೆಗೆ ಹೋಗಬೇಕು?

ಫೋನ್ ಸಂಖ್ಯೆಯಂತೂ ಎರಡು ಬೇಕು. ಹೆಂಗಸರು ಕೊಡುವ ಸಂಖ್ಯೆ ಅನೇಕ ಸಲ ಗಂಡನದೋ ಮಗನದೋ ಆಗಿರುತ್ತದೆ, ಅವರು ದುಡಿಯಲು ಹೊರಗೆ ಹೋಗಿರುತ್ತಾರೆ. ರೋಗಿ ಇನ್ನೂ ಎದುರಿಗೆ ಕುಳಿತಿರುವಾಗಲೇ ಆ ಸಂಖ್ಯೆಗೆ ಒಮ್ಮೆ ಕರೆ ಮಾಡಿ ನೋಡುವುದು ಎರಡು ನಿಮಿಷದ ಕೆಲಸ. ಆಮೇಲಿನ ಎರಡು ದಿನದ ಅಲೆದಾಟವನ್ನು ಅದು ತಪ್ಪಿಸುತ್ತದೆ.

ನಮಗೆ ಟಿಬಿ ಎಂದು ಹೇಳಿದ್ದು ಬೇರೆ ರಾಜ್ಯದ ಆಸ್ಪತ್ರೆ. ಊರಲ್ಲಿ ಮಾತ್ರೆ ಕೊಡುತ್ತಾರೆಯೇ?

ಕೊಡುತ್ತಾರೆ. ಆಳಂದ, ಅಫಜಲಪುರದವರು ಸೋಲಾಪುರಕ್ಕೆ, ಭಾಲ್ಕಿಯ ಕಡೆಯವರು ಉದಗೀರ್, ಲಾತೂರಿಗೆ, ಬೀದರ್ ಮತ್ತು ಗುರುಮಠಕಲ್‌ನವರು ಹೈದರಾಬಾದಿಗೆ ಹೋಗುವುದು ಇಲ್ಲಿಯ ಸಹಜ ರೂಢಿ. ಅಲ್ಲಿಯ ಆಸ್ಪತ್ರೆ ನಿಕ್ಷಯ್‌ನಲ್ಲಿ ನೋಂದಾಯಿಸಿದ್ದರೆ ಅದೇ ಸಂಖ್ಯೆಯ ಮೇಲೆ ನಿಮ್ಮ ಊರಿನ ಕೇಂದ್ರಕ್ಕೆ ವರ್ಗಾವಣೆಯಾಗುತ್ತದೆ. ನೋಂದಾಯಿಸಿರದಿದ್ದರೆ ಇಲ್ಲಿಯೇ ನೋಂದಣಿ ಮಾಡಿಸಬಹುದು. ವರದಿ ಯಾವ ಭಾಷೆಯಲ್ಲಿದ್ದರೂ, ಎಷ್ಟೇ ಹಳೆಯದಾದರೂ, ಎಸೆಯದೆ ತೆಗೆದುಕೊಂಡು ಹೋಗಿ. ನಿಕ್ಷಯ್‌ನ ಉಚಿತ ಸಹಾಯವಾಣಿ 1800-11-6666ಕ್ಕೂ ಕರೆ ಮಾಡಿ ಕೇಳಬಹುದು.

ಖಾಸಗಿ ವೈದ್ಯರ ಬಳಿಯೇ ಚಿಕಿತ್ಸೆ ಮುಂದುವರಿಸಬಹುದೇ?

ಮುಂದುವರಿಸಬಹುದು. ಕ್ಷಯರೋಗಿಯ ವಿವರವನ್ನು ಸರ್ಕಾರಕ್ಕೆ ತಿಳಿಸುವುದು 2012ರಿಂದ ಖಾಸಗಿ ವೈದ್ಯರಿಗೂ ಕಡ್ಡಾಯವಾಗಿದೆ. ಖಾಸಗಿ ವೈದ್ಯರ ರೋಗಿಗೂ ಪೋಷಣೆಯ ಹಣ, ಮನೆಯವರ ತಪಾಸಣೆ ಮುಂತಾದ ಸೌಲಭ್ಯಗಳಿವೆ. ಆದರೆ ಔಷಧಿ ಅಂಗಡಿಯಲ್ಲಿ ದುಡ್ಡು ಕೊಟ್ಟು ಮಾತ್ರೆ ಕೊಳ್ಳುತ್ತಿರುವವರು ದುಡ್ಡು ಮುಗಿದ ತಿಂಗಳು ಮಾತ್ರೆ ನಿಲ್ಲಿಸುವುದನ್ನು ನಾನು ಬಹಳ ಕಂಡಿದ್ದೇನೆ. ಅಂಥವರು ವೈದ್ಯರನ್ನು ಬದಲಿಸದೆಯೇ ಉಚಿತ ಮಾತ್ರೆ ಪಡೆಯಲು ದಾರಿಯಿದೆಯೇ ಎಂದು ಟಿಬಿ ಘಟಕದಲ್ಲಿ ವಿಚಾರಿಸಬೇಕು.

ಊರಿನ ಕೇಂದ್ರದಲ್ಲಿ ಚಿಕಿತ್ಸೆ ಹೇಗೆ ನಡೆಯುತ್ತದೆ?

ಔಷಧಿಗೆ ಬಗ್ಗುವ ಸಾಮಾನ್ಯ ಕ್ಷಯಕ್ಕೆ ಮೊದಲ 8 ವಾರ ನಾಲ್ಕು ಔಷಧಿ ಸೇರಿದ ಮಾತ್ರೆ, ಆಮೇಲಿನ 16 ವಾರ ಮೂರು ಔಷಧಿ ಸೇರಿದ ಮಾತ್ರೆ, ಒಟ್ಟು 168 ದಿನದ ಮದ್ದು. ಎಷ್ಟು ಮಾತ್ರೆ ಎಂಬುದು ತೂಕದ ಮೇಲೆ ನಿಂತಿದೆ: 35ರಿಂದ 49 ಕಿಲೋ ತೂಗುವ ವಯಸ್ಕರಿಗೆ ದಿನಕ್ಕೆ 3, 50ರಿಂದ 64 ಕಿಲೋ ತೂಗುವವರಿಗೆ 4. ತೂಕ ಹೆಚ್ಚಿದಂತೆ ಮಾತ್ರೆಯ ಸಂಖ್ಯೆಯೂ ಬದಲಾಗಬಹುದಾದ್ದರಿಂದ ಪ್ರತಿ ತಿಂಗಳೂ ತೂಕ ನೋಡಬೇಕು. ಆಸ್ಪತ್ರೆಯಲ್ಲಿ ಸೊರಗಿ ಮಲಗಿದ್ದಾಗಿನ ತೂಕವನ್ನೇ ಕಾರ್ಡಿನಲ್ಲಿ ತಿಂಗಳುಗಟ್ಟಲೆ ನಕಲು ಮಾಡುತ್ತಾ ಹೋಗುವುದು ದೊಡ್ಡ ತಪ್ಪು. ಶ್ವಾಸಕೋಶದ ಕ್ಷಯವಾದರೆ ಎರಡು ತಿಂಗಳು ಮುಗಿದಾಗ ಒಮ್ಮೆ, ಚಿಕಿತ್ಸೆ ಮುಗಿದಾಗ ಒಮ್ಮೆ ಕಫ ಪರೀಕ್ಷೆ ಆಗಲೇಬೇಕು. ಮೆದುಳಿನ ಪೊರೆ ಅಥವಾ ಮೂಳೆಯ ಕ್ಷಯಕ್ಕೆ ಚಿಕಿತ್ಸೆ ಒಂದು ವರ್ಷವೋ ಇನ್ನೂ ಹೆಚ್ಚೋ ನಡೆಯುತ್ತದೆ. ಬಿಡುಗಡೆ ಚೀಟಿಯಲ್ಲಿ ರೋಗ ದೇಹದ ಯಾವ ಭಾಗದಲ್ಲಿದೆ ಎಂದು ಬರೆಯದಿದ್ದರೆ ಊರಿನ ಕೇಂದ್ರದವರು ಆರು ತಿಂಗಳಿಗೇ ನಿಲ್ಲಿಸಿಬಿಡುವ ಅಪಾಯವಿದೆ.

ಎಚ್‌ಐವಿ ಮತ್ತು ಸಕ್ಕರೆ ಕಾಯಿಲೆಯ ಪರೀಕ್ಷೆ ಯಾಕೆ?

ಈ ಎರಡರಲ್ಲಿ ಯಾವುದೇ ಒಂದು ಇದ್ದವರಲ್ಲಿ ಕ್ಷಯ ಬೇಗ ತಲೆಯೆತ್ತುತ್ತದೆ, ಚಿಕಿತ್ಸೆಯೂ ಕಷ್ಟವಾಗುತ್ತದೆ. ಆದ್ದರಿಂದ ಎಲ್ಲ ಕ್ಷಯರೋಗಿಗಳಿಗೂ ಈ ಪರೀಕ್ಷೆ ಮಾಡುತ್ತಾರೆ. ಯಾರ ನಡತೆಯ ಮೇಲೂ ಅನುಮಾನವಿದೆ ಎಂದು ಇದರ ಅರ್ಥವಲ್ಲ.

ಊರಿಗೆ ಬಂದ ಮೇಲೆ ಬರುವ ವರದಿಯನ್ನು ಯಾರು ನೋಡುತ್ತಾರೆ?

ಬಹಳ ಒಳ್ಳೆಯ ಪ್ರಶ್ನೆ, ಆದರೆ ಕೇಳುವವರು ಕಡಿಮೆ. ಸಿಬಿನಾಟ್ ಅಥವಾ ಟ್ರೂನಾಟ್‌ನಲ್ಲಿ ರಿಫಾಂಪಿಸಿನ್ ಔಷಧಿಗೆ ರೋಗಾಣು ಬಗ್ಗುತ್ತದೆಯೋ ಇಲ್ಲವೋ ಎಂಬುದು ಬೇಗ ತಿಳಿಯುತ್ತದೆ. ಐಸೋನಿಯಾಜಿಡ್ ಮತ್ತಿತರ ಔಷಧಿಗಳ ಕುರಿತ ಪರೀಕ್ಷೆಗೆ ಮಾದರಿ ದೊಡ್ಡ ಪ್ರಯೋಗಾಲಯಕ್ಕೆ ಹೋಗುತ್ತದೆ, ವರದಿ ಬರುವಷ್ಟರಲ್ಲಿ ರೋಗಿ ಊರು ಸೇರಿರುತ್ತಾರೆ. ವರದಿ ಆಸ್ಪತ್ರೆಗೆ ಬಂದು ಅಲ್ಲಿಯೇ ಉಳಿದರೆ, ಬಗ್ಗದ ರೋಗಾಣುವಿಗೆ ಬಗ್ಗುವ ರೋಗಾಣುವಿನ ಮದ್ದು ನಡೆಯುತ್ತಲೇ ಇರುತ್ತದೆ. ಆದ್ದರಿಂದ ತಡವಾಗಿ ಬರುವ ಪ್ರತಿ ವರದಿಯನ್ನೂ ನಿಕ್ಷಯ್‌ನಲ್ಲಿ ಸೇರಿಸಿ, ಊರಿನ ಕೇಂದ್ರಕ್ಕೆ ಬಾಯಿಮಾತಿನಲ್ಲೂ ತಿಳಿಸಬೇಕು. ರೋಗಿಯ ಮನೆಯವರೂ ಮೊದಲ ಭೇಟಿಯಲ್ಲಿಯೇ ‘ಇನ್ನೂ ಬರಬೇಕಾದ ವರದಿ ಇದೆಯೇ?’ ಎಂದು ಕೇಳಬೇಕು.

ಔಷಧಿಗೆ ಬಗ್ಗದ ಟಿಬಿ ಎಂದು ಗೊತ್ತಾದರೆ ಜಿಲ್ಲಾ ಮಟ್ಟದ ವೈದ್ಯರು ಚಿಕಿತ್ಸೆ ಬದಲಿಸುತ್ತಾರೆ. ಹಿಂದೆ ಇದಕ್ಕೆ ಒಂದೂವರೆ ಎರಡು ವರ್ಷ ಬೇಕಾಗುತ್ತಿತ್ತು. 2024ರಲ್ಲಿ ದೇಶದಲ್ಲಿ ಒಪ್ಪಿಗೆ ಪಡೆದ ಬಿಪಾಲ್‌ಎಂ ಎಂಬ ಹೊಸ ಕ್ರಮದಲ್ಲಿ, ಅದು ಹೊಂದುವ ರೋಗಿಗಳಿಗೆ, ಸುಮಾರು ಆರು ತಿಂಗಳಲ್ಲಿ ಚಿಕಿತ್ಸೆ ಮುಗಿಯುತ್ತದೆ.

ಮಾತ್ರೆ ನುಂಗಿದ ಮೇಲೆ ಮೂತ್ರ ಕೆಂಪಾಗಿದೆ, ವಾಂತಿಯಾಗುತ್ತಿದೆ. ನಿಲ್ಲಿಸಬೇಕೇ?

ಮೂತ್ರ ಕಿತ್ತಳೆ ಅಥವಾ ಕೆಂಪು ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್‌ನಿಂದ, ಅದರಿಂದ ಹಾನಿಯಿಲ್ಲ. ಈ ಒಂದು ಮಾತನ್ನು ಆಸ್ಪತ್ರೆಯಲ್ಲಿ ಮೊದಲೇ ಹೇಳದಿದ್ದ ಕಾರಣಕ್ಕೆ ರಕ್ತ ಹೋಗುತ್ತಿದೆಯೆಂದು ಹೆದರಿ ಮೂರನೇ ದಿನವೇ ಮಾತ್ರೆ ಬಿಟ್ಟವರಿದ್ದಾರೆ. ಹೊಟ್ಟೆ ತೊಳಸುವುದು, ಕೀಲುನೋವು, ಕೈಕಾಲು ಜೋಮು ಹಿಡಿಯುವುದು ಇದ್ದರೆ ಕೇಂದ್ರದಲ್ಲಿ ಹೇಳಿ, ಪರಿಹಾರವಿದೆ. ಕಣ್ಣು ಹಳದಿಯಾದರೆ, ಬಿಡದೆ ವಾಂತಿಯಾದರೆ, ಕಣ್ಣಿನ ದೃಷ್ಟಿ ಮಂಜಾದರೆ ಅಥವಾ ಬಣ್ಣ ಗುರುತಿಸಲು ಕಷ್ಟವಾದರೆ ಮುಂದಿನ ಮಾತ್ರೆ ನುಂಗುವ ಮೊದಲು, ಅದೇ ದಿನ, ವೈದ್ಯರನ್ನು ಕಾಣಬೇಕು. ಗರ್ಭ ತಡೆಯುವ ಮಾತ್ರೆ ತೆಗೆದುಕೊಳ್ಳುವ ಮಹಿಳೆಯರು ಅದನ್ನು ವೈದ್ಯರಿಗೆ ತಿಳಿಸಬೇಕು. ರಿಫಾಂಪಿಸಿನ್ ಅದರ ಬಲವನ್ನು ಕುಗ್ಗಿಸುತ್ತದೆ. ಚಿಕಿತ್ಸೆಯ ಕಾಲದಲ್ಲಿ ಕುಡಿತ ಯಕೃತ್ತಿಗೆ ಎರಡು ಪಟ್ಟು ಹೊರೆ, ಬಿಡಲೇಬೇಕು.

ಎರಡು ತಿಂಗಳಿಗೇ ಆರಾಮಾಗಿದೆ. ಸುಗ್ಗಿ ಬಂದಿದೆ, ದುಡಿಯಲು ಪುಣೆಗೋ ಮುಂಬೈಗೋ ಹೋಗಬೇಕು. ಏನು ಮಾಡಲಿ?

ಹೋಗಬೇಡಿ ಎಂದು ಹೇಳುವುದು ಸುಲಭ. ಆದರೆ ಮನೆಯ ಒಲೆ ಉರಿಯಬೇಕಾದವರಿಗೆ ಅದು ಉತ್ತರವಾಗದು. ಚಿಂಚೋಳಿ, ಆಳಂದದ ತಾಂಡಾಗಳಿಂದ ಇಡೀ ಕುಟುಂಬಗಳು ವಲಸೆ ಹೋಗುವುದು ನಮ್ಮ ಕಣ್ಣೆದುರಿನ ವಾಸ್ತವ. ಹೊರಡುವ ಒಂದು ವಾರ ಮೊದಲು ಆಶಾ ಕಾರ್ಯಕರ್ತೆಗೆ ತಿಳಿಸಿದರೆ, ಹೋಗುವ ಊರಿನ ಕೇಂದ್ರಕ್ಕೆ ವರ್ಗಾವಣೆ ಮಾಡಿಸಿ, ದಾರಿಗೆ ಬೇಕಾದ ಮಾತ್ರೆ ಕೊಡಿಸಬಹುದು. ಹೇಳದೆ ಹೋದರೆ ಮಾತ್ರ ಹಿಡಿಯುವುದು ಕಷ್ಟ. ಕೆಲಸಕ್ಕೆ ಕರೆದೊಯ್ಯುವ ಗುತ್ತೇದಾರನ ಫೋನ್ ಸಂಖ್ಯೆಯಾದರೂ ರೋಗಿಯ ಒಪ್ಪಿಗೆಯಿಂದ ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಕರೆ ಮಾಡುವಾಗ ರೋಗದ ಹೆಸರು ಎತ್ತಬಾರದು.

ಆರಾಮೆನಿಸುವುದು ರೋಗಾಣುಗಳ ಸಂಖ್ಯೆ ಇಳಿದದ್ದರಿಂದ. ಉಳಿದವು ಮಾತ್ರೆ ನಿಂತೊಡನೆ ಮತ್ತೆ ಬೆಳೆಯುತ್ತವೆ, ಔಷಧಿಗೆ ಬಗ್ಗದಂತೆಯೂ ಆಗಬಹುದು. ಜಾತ್ರೆ ಉರುಸಿನ ಗದ್ದಲದಲ್ಲಿ ನಾಲ್ಕು ದಿನ ತಪ್ಪಿದರೆ ಹೆದರಿ ಪೂರ್ತಿ ಬಿಡಬೇಡಿ, ಐದನೇ ದಿನ ಶುರುಮಾಡಿ, ತಪ್ಪಿದ ದಿನಗಳನ್ನು ಕೇಂದ್ರದಲ್ಲಿ ಹೇಳಿ, ಕೊನೆಯಲ್ಲಿ ಸೇರಿಸುತ್ತಾರೆ. ಸತತ ಒಂದು ತಿಂಗಳು ಅಥವಾ ಹೆಚ್ಚು ಬಿಟ್ಟರೆ ಕಾರ್ಯಕ್ರಮದ ಲೆಕ್ಕದಲ್ಲಿ ಚಿಕಿತ್ಸೆ ಬಿಟ್ಟಂತೆ, ಆಗ ಮತ್ತೆ ಪರೀಕ್ಷೆ ಮಾಡಿಯೇ ಮುಂದಿನ ದಾರಿ ನೋಡಬೇಕು. ಬಿಟ್ಟು ಮರಳಿ ಬಂದವರನ್ನು ಗದರಿಸುವ ಸಿಬ್ಬಂದಿಗೆ ನನ್ನ ಕೈಮುಗಿದ ವಿನಂತಿ: ಬೈಗುಳ ತಿಂದ ರೋಗಿ ಎರಡನೇ ಸಲ ಬರುವುದಿಲ್ಲ.

ಮನೆಯಲ್ಲಿ ಮಕ್ಕಳಿದ್ದಾರೆ. ಅವರನ್ನು ದೂರ ಇಡಬೇಕೇ?

ಸರಿಯಾದ ಔಷಧಿ ಶುರುವಾದ ಮೇಲೆ ಸಾಮಾನ್ಯವಾಗಿ ಎರಡು ವಾರಗಳಲ್ಲಿ ಸೋಂಕು ಹರಡುವುದು ಬಹಳ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಗಾಳಿ ಬೆಳಕಿರುವ ಕಡೆ ಮಲಗುವುದು, ಕೆಮ್ಮುವಾಗ ಬಟ್ಟೆ ಅಡ್ಡ ಹಿಡಿಯುವುದು, ಕಂಡಲ್ಲಿ ಉಗುಳದಿರುವುದು ಸಾಕು. ತಟ್ಟೆ ಲೋಟ ಬೇರೆ ಇಡುವುದರಿಂದ ಏನೂ ಪ್ರಯೋಜನವಿಲ್ಲ, ಕ್ಷಯ ಹರಡುವುದು ಗಾಳಿಯಿಂದ. ಆದರೆ ಮನೆಯ ಎಲ್ಲರ ತಪಾಸಣೆ ಆಗಬೇಕು. ರೋಗವಿಲ್ಲವೆಂದು ಖಚಿತವಾದವರಿಗೆ, ಅದರಲ್ಲೂ ಐದು ವರ್ಷದೊಳಗಿನ ಮಕ್ಕಳಿಗೆ, ರೋಗ ಬರದಂತೆ ತಡೆಯುವ ಔಷಧಿ ಕೊಡುತ್ತಾರೆ: ಐಸೋನಿಯಾಜಿಡ್ ದಿನವೂ ಆರು ತಿಂಗಳು, ಅಥವಾ ಯಾರಿಗೆ ಹೊಂದುತ್ತದೆಯೋ ಅವರಿಗೆ ವಾರಕ್ಕೊಮ್ಮೆಯಂತೆ 12 ವಾರ ಎರಡು ಔಷಧಿಗಳು. ರೋಗಿ ಊರು ತಲುಪಿದ್ದಾರೆಯೇ ಎಂದು ನೋಡಲು ಹೋದ ಮೊದಲ ಭೇಟಿಯಲ್ಲಿಯೇ ಈ ತಪಾಸಣೆಯನ್ನೂ ಶುರುಮಾಡಬೇಕು. ಮನೆಯಲ್ಲಿ ಯಾರಾದರೂ ಕಲ್ಲುಗಣಿಯಲ್ಲಿ ದುಡಿಯುವವರಿದ್ದರೆ ಅವರ ಕೆಮ್ಮನ್ನು ಬರೀ ದೂಳಿನ ಕೆಮ್ಮೆಂದು ಬಿಡಬಾರದು.

ಪೋಷಣೆಯ ಹಣ ಎಷ್ಟು, ಯಾಕೆ ಬಂದಿಲ್ಲ?

ನಿಕ್ಷಯ್ ಪೋಷಣ್ ಯೋಜನೆ 2018ರ ಏಪ್ರಿಲ್‌ನಲ್ಲಿ ತಿಂಗಳಿಗೆ 500 ರೂಪಾಯಿಯಿಂದ ಶುರುವಾಯಿತು, 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಆಗಿದೆ. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಬಾರದಿದ್ದರೆ ಖಾತೆಯ ವಿವರ ತಪ್ಪಿದೆಯೋ, ಖಾತೆ ನಿಂತುಹೋಗಿದೆಯೋ, ಇಲ್ಲವೇ ಆಸ್ಪತ್ರೆಯವರು ಖಾತೆಯ ವಿವರವನ್ನೇ ಸೇರಿಸಿಲ್ಲವೋ ಎಂದು ಎಸ್‌ಟಿಎಸ್ ಬಳಿ ನೋಡಿಸಿ. ಈ ಹಣ ಕ್ಷುಲ್ಲಕವಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಯ ಮನೆಯವರಿಗೆಲ್ಲ ಹೆಚ್ಚಿನ ಆಹಾರ ಧಾನ್ಯ ಕೊಟ್ಟಾಗ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು ಶೇ 39ರಷ್ಟು ಕಡಿಮೆಯಾಯಿತು. ದುಬಾರಿ ಟಾನಿಕ್ಕು, ಡಬ್ಬದ ಪುಡಿ ಕೊಳ್ಳಬೇಡಿ. ಜೋಳದ ರೊಟ್ಟಿ, ಗಟ್ಟಿ ತೊಗರಿಬೇಳೆ, ಶೇಂಗಾ ಹಿಂಡಿ, ಪುಂಡಿಪಲ್ಯ, ತಿನ್ನುವವರಿಗೆ ಮೊಟ್ಟೆ: ನಮ್ಮ ಅಡುಗೆಮನೆಯಲ್ಲಿಯೇ ಬೇಕಾದ್ದೆಲ್ಲ ಇದೆ, ಸಾಲದಿರುವುದು ಅದರ ಅಳತೆ.

ಆಶಾ ಅಕ್ಕ ಮನೆಗೆ ಬಂದರೆ ಓಣಿಗೆಲ್ಲ ಗೊತ್ತಾಗುವುದಿಲ್ಲವೇ?

ಈ ಭಯವನ್ನು ಹಗುರವಾಗಿ ಕಾಣಬಾರದು. ಮದುವೆಗೆ ಬಂದ ಮಗಳಿದ್ದಾಳೆ ಎಂಬ ಒಂದೇ ಕಾರಣಕ್ಕೆ ತಪ್ಪು ವಿಳಾಸ ಕೊಡುವವರಿದ್ದಾರೆ. ಬಿಡುಗಡೆಯ ದಿನವೇ ‘ನಿಮ್ಮನ್ನು ಎಲ್ಲಿ ಕಾಣಬೇಕು, ಯಾರ ಮುಂದೆ ಮಾತಾಡಬಹುದು?’ ಎಂದು ರೋಗಿಯನ್ನು ಕೇಳಿದರೆ ನಿಜವಾದ ವಿಳಾಸ ಸಿಗುತ್ತದೆ. ಮನೆ ಬೇಡವೆಂದರೆ ಉಪಕೇಂದ್ರದಲ್ಲಿ ಅಥವಾ ನಗರದವರಾದರೆ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಚಿಕಿತ್ಸಾಲಯದಲ್ಲಿ ಭೇಟಿಯಾಗಬಹುದು. ಹುಡುಕಿಕೊಂಡು ಹೋದಾಗ ಬಾಗಿಲಲ್ಲಿ ನಿಂತು ‘ಟಿಬಿ ಪೇಶೆಂಟ್ ಮನೆ ಇದೇನಾ?’ ಎಂದು ಕೂಗುವುದು ಸಲ್ಲದು. ‘ಅಕ್ಕ, ಆಸ್ಪತ್ರೆಯಿಂದ ಆರೋಗ್ಯ ವಿಚಾರಿಸಲು ಬಂದಿದ್ದೇನೆ’ ಎಂದರೆ ಸಾಕು.

ಚಿಕಿತ್ಸೆ ಮುಗಿದ ಮೇಲೂ ಯಾಕೆ ಕರೆಯುತ್ತಾರೆ?

ಗುಣವಾದವರಲ್ಲಿ ಕೆಲವರಿಗೆ ಕ್ಷಯ ಮರುಕಳಿಸುತ್ತದೆ. ಅದಕ್ಕಾಗಿ ಚಿಕಿತ್ಸೆ ಮುಗಿದ ಮೇಲೆ 6, 12, 18 ಮತ್ತು 24ನೇ ತಿಂಗಳಲ್ಲಿ ವಿಚಾರಿಸಬೇಕೆಂಬ ನಿಯಮವಿದೆ. ಕೆಮ್ಮು, ಜ್ವರ, ತೂಕ ಇಳಿಯುವುದು ಕಂಡರೆ ಆ ದಿನದವರೆಗೆ ಕಾಯದೆ ಊರಿನ ಕೇಂದ್ರದಲ್ಲಿಯೇ ಕಫ ಕೊಟ್ಟು ಪರೀಕ್ಷಿಸಿಕೊಳ್ಳಿ, ಹಳೆಯ ನಿಕ್ಷಯ್ ಸಂಖ್ಯೆ ಬರೆದ ಕಾರ್ಡನ್ನು ಜೊತೆಗೆ ಒಯ್ಯಿರಿ.